ಎತ್ತಿನ ಹಲ್ಲು ನೋಡ್ತಾರ, ಮನಿ ಗ್ವಾಡಿ ಯಾರ ನೋಡಬೇಕು?

ಕಟಕೋಳ ಕಡೆಯ ರೈತ ಎತ್ತು ಕೊಳ್ಳಲು ಸಂತೆಗೆ ಹೋದನೆಂದರೆ ಸುಮ್ಮನೆ ರೊಕ್ಕ ಎಣಿಸಿ ಕೊಟ್ಟು ಬರುವವನಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ಹತ್ತು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೋ ಏನೋ ನೋಡುತ್ತಾನೆ. ಹೆಗಲ ಮೇಲೆ ಕೈ ಒತ್ತಿ ನೊಗದ ಗಾಯ ಹುಡುಕುತ್ತಾನೆ. ಆಮೇಲೆ ವಸ್ತ್ರದ ಕೆಳಗೆ ಬೆರಳು ಹಿಡಿದು ದಲಾಲನ ಜೊತೆ ಚೌಕಾಶಿ. ಅದೂ ಮುಗಿದ ಮೇಲೆಯೇ ಸಂಚಕಾರ.

ಅದೇ ಮನುಷ್ಯ ಮನೆ ಕೊಳ್ಳುವಾಗ ಏನು ನೋಡುತ್ತಾನೆ? ಉತಾರ ನೋಡುತ್ತಾನೆ. ಬಾಗಿಲು ಯಾವ ದಿಕ್ಕಿಗೆ ಎಂದು ಕೇಳುತ್ತಾನೆ. ಅಣ್ಣತಮ್ಮಂದಿರ ಸಹಿ ಬಿದ್ದಿದೆಯೇ, ಬ್ಯಾಂಕಿನ ಬೋಜಾ ಇದೆಯೇ ಎಂದು ವಿಚಾರಿಸುತ್ತಾನೆ. ಸ್ವಾಮಿಗಳ ಹತ್ತಿರ ಮುಹೂರ್ತ ಕೇಳುತ್ತಾನೆ. ಹಿತ್ತಲ ಗೋಡೆಯನ್ನು ಮುಷ್ಟಿಯಿಂದ ಬಡಿದು, ಒಳಗೆ ಟೊಳ್ಳೋ ಗಟ್ಟಿಯೋ ಎಂದು ನೋಡಿದವರು ನೂರಕ್ಕೆ ಎಷ್ಟು ಜನ?

ಸರಕಾರದ ಕಥೆಯೂ ಅಷ್ಟೇ. ಕಿರಾಣಿ ಅಂಗಡಿಯವನ ತಕ್ಕಡಿಗೆ, ತೂಕದ ಕಲ್ಲಿಗೆ ಮುದ್ರೆ ಬೇಕು. ಮುದ್ರೆ ಇಲ್ಲದಿದ್ದರೆ ದಂಡ. ದಿನಾ ಕಟಕೋಳದಿಂದ ರಾಮದುರ್ಗಕ್ಕೆ ಜನ ಹೊತ್ತು ಓಡಾಡುವ ಬಸ್ಸಿಗೆ ಎಫ್.ಸಿ. ಬೇಕು, ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ನೋಡಿದ ಮೇಲೇ ಅದು ರಸ್ತೆಗೆ ಇಳಿಯಬೇಕು. ಆದರೆ ಒಂದು ಸಂಸಾರ ಮೂವತ್ತು ವರ್ಷ ಕೆಳಗೆ ಮಲಗಬೇಕಾದ ಮಾಳಿಗೆ? ಅದಕ್ಕೆ ಮುದ್ರೆಯೂ ಇಲ್ಲ, ಎಫ್.ಸಿ.ಯೂ ಇಲ್ಲ. ಮಾರಿದವ ಮಾರಿದ, ಕೊಂಡವ ಕೊಂಡ.

ಮನೆ ಮಾರುವ ಮೊದಲು ಸ್ಥಳೀಯ ಆಡಳಿತದವರು ಬಂದು ನೋಡಬೇಕೋ ಬೇಡವೋ ಎಂಬ ವಾದ ದೇಶ-ವಿದೇಶದಲ್ಲಿ ನಡೆದಿದೆ. ನಮ್ಮ ಕಡೆ ಆ ವಾದ ಸಭೆಯ ಠರಾವಿಗಿಂತ ಚಹಾದಂಗಡಿಯ ಬಾಕಿನ ಮೇಲೆ ಹೆಚ್ಚು. ಅಲ್ಲಿಯೂ ಮಾತು 'ಈ-ಸ್ವತ್ತು ಯಾವಾಗ ಆಕ್ಕೈತಿ' ಎನ್ನುವಲ್ಲಿಗೆ ನಿಂತುಬಿಡುತ್ತದೆ. ಗ್ವಾಡಿಯ ಮಾತು ಬರುವುದು ಮಳೆಗಾಲದಲ್ಲಿ ಮಾತ್ರ.

ಕಾಗದ ಗಟ್ಟಿ ಆತು

ಕಾಗದದ ಮಟ್ಟಿಗೆ ಸರಕಾರ ಸುಮ್ಮನೆ ಕುಂತಿಲ್ಲ, ಅದನ್ನು ಒಪ್ಪಬೇಕು. 2013ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ಈ-ಸ್ವತ್ತು ಬಂತು. ಅದಕ್ಕೂ ಮೊದಲು ಕೈಬರಹದ ಉತಾರ. ಬರೆಯುವವರ ಪೆನ್ನು ಹೇಗೆ ಓಡಿತೋ ಹಾಗೆ ಜಾಗದ ಅಳತೆ. ಒಂದೇ ಪ್ಲಾಟು ಇಬ್ಬರಿಗೆ ಮಾರಿದ ಕಥೆ ಯಾವ ಊರಲ್ಲಿ ಇಲ್ಲ? ಈಗ ನಮೂನೆ 9, ನಮೂನೆ 11 ಗಣಕಯಂತ್ರದಿಂದಲೇ ಬರಬೇಕು. ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಬೀಳಬೇಕು. ಅಳತೆ, ಚಕಬಂದಿ, ಮಾಲೀಕನ ಫೋಟೋ, ಆಸ್ತಿಯ ಫೋಟೋ ಎಲ್ಲ ಅದರಲ್ಲಿ ಇರುತ್ತದೆ. ಗಾಂವಠಾಣದ ಒಳಗಿನ ಮನೆಯಾದರೆ ಮೋಜಣಿ ಆಗಿ ನಕ್ಷೆ ಬರಬೇಕು. ಇದಿಲ್ಲದೆ ಉಪನೋಂದಣಿ ಕಚೇರಿಯಲ್ಲಿ ಖರೀದಿಪತ್ರ ಮುಂದೆ ಸರಿಯುವುದಿಲ್ಲ. 2024ರ ಅಕ್ಟೋಬರದಿಂದ ಪಟ್ಟಣದ ಆಸ್ತಿಗೂ ಈ-ಖಾತಾ ಕಡ್ಡಾಯವಾಯಿತು. ಅಲ್ಲಿಗೆ ರಾಮದುರ್ಗ ಪುರಸಭೆಯವರಿಗೂ ಕಟಕೋಳ ಪಂಚಾಯಿತಿಯವರಿಗೂ ಒಂದೇ ಬಗೆಯ ಓಡಾಟ.

2020ರ ಏಪ್ರಿಲ್ 24ರಂದು ಕೇಂದ್ರ ಸರಕಾರ ಸ್ವಾಮಿತ್ವ ಯೋಜನೆ ಆರಂಭಿಸಿತು. ಮೊದಲು ಕೈಗೆತ್ತಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿಯ ಮೇಲೆ ಡ್ರೋನ್ ಹಾರಿಸಿ ಮನೆಮನೆಯ ಗಡಿ ಗುರುತಿಸಿ ಆಸ್ತಿಕಾರ್ಡು ಕೊಡುವ ಯೋಜನೆ ಅದು. ಹುಡುಗರು ಡ್ರೋನಿನ ಹಿಂದೆ ಓಡಿದರು, ಹಿರಿಯರು ಅಂಗಳದ ಮೂಲೆಗೆ ಸುಣ್ಣದ ಗೆರೆ ಎಳೆದರು. ಒಳ್ಳೆಯ ಕೆಲಸವೇ. ಆದರೆ ಮುಗಿಲಿನಿಂದ ನೋಡಿದರೆ ಮಾಳಿಗೆಯ ಅಂಚು ಕಾಣುತ್ತದೆ, ಮಾಳಿಗೆ ಕೆಳಗಿನ ಜಂತಿಯನ್ನು ಗೆದ್ದಲು ತಿಂದದ್ದು ಕಾಣುವುದಿಲ್ಲ.

ಇನ್ನು ನೋಂದಣಿ. ಉಪನೋಂದಣಾಧಿಕಾರಿ ನೋಡುವುದು ಬಂದವರು ಅವರೇನಾ, ಒಪ್ಪಿ ಬರೆದುಕೊಟ್ಟರಾ, ಮುದ್ರಾಂಕ ಸರಿಯಾಗಿ ತುಂಬಿದರಾ ಎಂಬುದನ್ನು. ಮನೆ ನೋಡುವುದು ಅವರ ಕೆಲಸವಲ್ಲ. 2024ರ ಸೆಪ್ಟೆಂಬರದಿಂದಂತೂ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ದಸ್ತು ಮಾಡಿಸಬಹುದೆಂಬ ಅನುಕೂಲ ಬಂದಿದೆ. ಕಟಕೋಳದ ಮನೆಯ ಖರೀದಿಪತ್ರ ಬೇಕಾದರೆ ಬೆಳಗಾವಿಯಲ್ಲಿ ಆಗಬಹುದು. ಸಹಿ ಹಾಕುವವರು ಕಟಕೋಳದ ಮುಖ ನೋಡಿರಬೇಕೆಂದೇನೂ ಇಲ್ಲ.

ಇದಕ್ಕೆಲ್ಲ ಖರ್ಚು ಎಷ್ಟು? ಹತ್ತು ಲಕ್ಷದ ಮನೆ ಎಂದು ಹಿಡಿಯಿರಿ. ನೂರಕ್ಕೆ 5ರಂತೆ ಮುದ್ರಾಂಕ 50 ಸಾವಿರ. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು, 2025ರ ಆಗಸ್ಟ್ 31ರಿಂದ 2 ಆಯಿತು, ಅಂದರೆ 20 ಸಾವಿರ. ಮೇಲೆ ಸೆಸ್ಸು, ಸರ್ಚಾರ್ಜು. ದಸ್ತು ಬರೆಯುವವರ ಮಜೂರಿ ಬೇರೆ, ಸಾಕ್ಷಿದಾರರ ಚಹಾ-ಚುರುಮುರಿ ಬೇರೆ. ಎಪ್ಪತ್ತು ಸಾವಿರ ದಾಟಿದ ಈ ಲೆಕ್ಕದಲ್ಲಿ ಗೋಡೆ ನೋಡಿದವನ ಕೂಲಿ ಎಂದು ಒಂದು ರೂಪಾಯಿಯೂ ಇಲ್ಲ!

ಖರೀದಿಪತ್ರದ ಒಕ್ಕಣೆ ಓದಿ ನೋಡಿ. 'ಯಾರದೂ ಯಾವುದೇ ತಂಟೆ-ತಕರಾರು ಇರುವುದಿಲ್ಲ' ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗೋಡೆಯ ತಕರಾರು ಅದರಲ್ಲಿ ಬರುವುದಿಲ್ಲ.

ಗ್ವಾಡಿಯ ಜಾತಕ

ಈ ಭಾಗದ ಹಳೆಯ ಮನೆಗಳ ರೀತಿಯೇ ಬೇರೆ. ಕಲ್ಲು-ಮಣ್ಣಿನ ದಪ್ಪ ಗೋಡೆ ಇಲ್ಲವೆ ಹಸಿ ಇಟ್ಟಂಗಿಯ ಗೋಡೆ, ಕಟ್ಟಿಗೆಯ ಕಂಬ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ವರ್ಷಾವರ್ಷ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ, ದೋಣಿಯ ಬಾಯಿ ಬಿಡಿಸಿಟ್ಟರೆ ನಾಲ್ಕು ತಲೆಮಾರು ಬಾಳುವ ಮನೆ. ಆದರೆ ಮನೆ ಮಾರಾಟಕ್ಕೆ ಬರುವುದು ಎಂಥ ಹೊತ್ತಿನಲ್ಲಿ? ಹಿರಿಯರು ತೀರಿ, ಮಕ್ಕಳು ಬೆಳಗಾವಿಗೋ ಪುಣೆಗೋ ಹೋಗಿ, ಐದಾರು ವರ್ಷ ಬೀಗ ಬಿದ್ದ ಮೇಲೆ. ಮಣ್ಣು ಹಾಕುವವರಿಲ್ಲ, ದೋಣಿ ಕಟ್ಟಿಕೊಂಡಿದೆ, ನೀರು ಗೋಡೆಯ ಹೊಟ್ಟೆಗೆ ಇಳಿದಿದೆ. ಮಾರುವ ಮೊದಲು ಒಂದು ಕೈ ಸುಣ್ಣ, ಮೇಲೊಂದು ಕೈ ಬಣ್ಣ. ಬಿರುಕಿಗೆ ಸಿಮೆಂಟಿನ ತೇಪೆ. ಆ ತೇಪೆ ಇನ್ನೂ ಕೆಟ್ಟದ್ದು ಎಂದು ತಿಳಿದ ಗೌಂಡಿಗಳು ಹೇಳುತ್ತಾರೆ. ಒಳಗಿನ ಮಣ್ಣಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಅಲ್ಲೇ ಕೂತುಬಿಡುತ್ತದೆ.

ಎರಿ ನೆಲದ ಸಂಗತಿ ಹೊಲದವರಿಗೆ ಗೊತ್ತು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹೊಲ ಬಿರಿದರೆ ಚಿಂತೆಯಿಲ್ಲ. ಆಳ ತೋಡದೆ, ಮುರಮು ತುಂಬದೆ ಎರಿಯ ಮೇಲೇ ಪಾಯಾ ಹಾಕಿದರೆ ಹೊಸ ಸಿಮೆಂಟ್ ಮನೆಯೂ ಎರಡನೆಯ ಮಳೆಗಾಲಕ್ಕೆ ಕಿಟಕಿಯ ಮೂಲೆಯಿಂದ ಬಾಯಿ ಬಿಡುತ್ತದೆ. ಹಳೆ ಮನೆಯದಷ್ಟೇ ತಪ್ಪಲ್ಲ ಅಂತ.

ಎಲ್ಲಕ್ಕಿಂತ ಕಣ್ಣಿಗೆ ಕಾಣದ್ದು ಹಗೇವು. ಹಿಂದೆ ಜೋಳ ತುಂಬಿಡಲು ಅಂಗಳದಲ್ಲಿ, ಕೆಲವು ಕಡೆ ಬೀದಿಯಲ್ಲೇ ತೋಡಿದ ನೆಲಗಣಜ. ಜೋಳ ಚೀಲಕ್ಕೆ ಬಂದ ಮೇಲೆ ಹಗೇವು ಮರೆತೇ ಹೋಯಿತು. ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಹಾಕಿ, ಅದರ ಮೇಲೆ ಫರಸಿ ಹಾಸಿದವರಿದ್ದಾರೆ. ಮುಚ್ಚಿದವ ಅಜ್ಜ, ಮಾರುವವ ಮೊಮ್ಮಗ. ಅವನಿಗೇ ಗೊತ್ತಿಲ್ಲ, ಕೊಳ್ಳುವವನಿಗೆ ಎಲ್ಲಿಂದ ಗೊತ್ತಾಗಬೇಕು? ಹೊಸಬ ಅದರ ಮೇಲೆ ಕಂಬ ನಿಲ್ಲಿಸಿದ ದಿನ ಮಳೆರಾಯ ಬಂದು ಹೇಳುತ್ತಾನೆ.

ಇವೆಲ್ಲ ಹೆದರಿಸುವ ಮಾತಲ್ಲ. 2021ರ ಅಕ್ಟೋಬರ್ 6ರಂದು ಬೆಳಗಾವಿ ತಾಲೂಕಿನ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಗೋಡೆ ಕುಸಿದು ಮಕ್ಕಳು ಸೇರಿ 7 ಜನ ಸತ್ತರು. ಮಣ್ಣಿನ ಮನೆಯದಷ್ಟೇ ಪಾಡೆಂದು ತಿಳಿಯಬಾರದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಬಿದ್ದದ್ದು ಕಟ್ಟುತ್ತಿದ್ದ ಕಾಂಕ್ರೀಟಿನ ಬಹುಮಹಡಿ ಕಟ್ಟಡ. ಮೇಲೆ ಕೆಲಸ ನಡೆದಿತ್ತು, ಕೆಳಗೆ ಅಂಗಡಿಗಳು ಆಗಲೇ ತೆರೆದಿದ್ದವು. 19 ಜನ ಹೋದರು. ಈ ಎರಡೂ ಮಾರಾಟದ ತಂಟೆಯಿಂದ ಆದದ್ದಲ್ಲ, ಖರೆ. ಆದರೆ ಗೋಡೆ ಬೀಳುವಾಗ ಅದು ಪಿತ್ರಾರ್ಜಿತವೋ ಖರೀದಿಯೋ ಎಂದು ಕೇಳಿ ಬೀಳುವುದಿಲ್ಲ.

ಎ, ಬಿ, ಸಿ

'ಪಂಚಾಯಿತಿಯವರು ಗೋಡೆ ನೋಡುವುದೇ? ಅದು ಆಗೂ ಮಾತಲ್ಲ' ಎನ್ನುವವರಿಗೆ 2019 ನೆನಪಿರಬೇಕು. ಆ ಆಗಸ್ಟಿನಲ್ಲಿ ನವಿಲುತೀರ್ಥದ ಬಾಗಿಲು ತೆಗೆದಾಗ ಮಲಪ್ರಭೆ ಸವದತ್ತಿ ತಾಲೂಕಿನ ಮುನವಳ್ಳಿಗೂ ರಾಮದುರ್ಗ ಪಟ್ಟಣದ ತಗ್ಗಿನ ಓಣಿಗಳಿಗೂ ನುಗ್ಗಿತು. ಹೊಳೆದಂಡೆಯ ಊರುಗಳಲ್ಲಿ ಮನೆಗಳು ಕರಗಿ ಕೂತವು. ನೇಕಾರರ ಮಗ್ಗದ ಗುಂಡಿಗಳಲ್ಲಿ ರಾಡಿ ತುಂಬಿತು. ನೀರು ಇಳಿದ ಮೇಲೆ ಸರಕಾರದ ಸಿಬ್ಬಂದಿ, ಇಂಜಿನಿಯರರು ಮನೆಮನೆಗೆ ಬಂದು ನೋಡಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದದ್ದು 'ಎ', ಅದಕ್ಕೆ 5 ಲಕ್ಷ. ಸ್ವಲ್ಪ ಹಾನಿಯಾದದ್ದು 'ಸಿ', ಅದಕ್ಕೆ 50 ಸಾವಿರ. ನಡುವಿನದು 'ಬಿ'. ಮನೆಯ ಫೋಟೋ ತೆಗೆದರು, ಪಟ್ಟಿ ಮಾಡಿದರು, ರಾಜೀವ್ ಗಾಂಧಿ ವಸತಿ ನಿಗಮದ ಗಣಕಯಂತ್ರಕ್ಕೆ ಏರಿಸಿದರು. ಅಂದರೆ ಗೋಡೆ ನೋಡಿ ಬರೆದಿಡುವ ಕೆಲಸ ಸರಕಾರಕ್ಕೆ ಹೊಸದೇನಲ್ಲ.

ಆ ಕೆಲಸ ಹೇಗೆ ನಡೆಯಿತು ಎಂಬುದೂ ಜನಕ್ಕೆ ನೆನಪಿದೆ. ಬಿದ್ದ ಮನೆಗೆ 'ಸಿ', ನಿಂತ ಮನೆಗೆ 'ಎ' ಎಂಬ ದೂರು ವರ್ಷಗಟ್ಟಲೆ ಕಚೇರಿ ಕಚೇರಿ ಅಲೆಯಿತು. ಹೀಗಾಗಿ 'ಮಾರೂಕಿಂತ ಮೊದಲ ತಪಾಸಣಿ ಮಾಡಸ್ರಿ' ಎಂದರೆ ಜನರ ಮೊದಲ ಮಾತು, 'ಇನ್ನೊಂದು ಟೇಬಲ್ ಹೆಚ್ಚಾತು ನೋಡ್ರಿ!' ಇದು ಬರೀ ಕೊಂಕು ಅಲ್ಲ. ಈಗಲೇ ನಮೂನೆ 11 ಕೈಗೆ ಬರುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ. ಮಗಳ ಲಗ್ನಕ್ಕೋ ದವಾಖಾನೆಯ ಖರ್ಚಿಗೋ ಮನೆ ಮಾರುವವನಿಗೆ ಹದಿನೈದು ದಿನವೂ ದೊಡ್ಡದು. ತಪಾಸಣೆ ಮಾಡುವವನು 'ಈ ಗೋಡೆ ಸರಿಯಿಲ್ಲ' ಎಂದು ಬರೆದರೆ ಮನೆಯ ಬೆಲೆ ಅರ್ಧಕ್ಕೆ ಇಳಿದೀತು. ಬರೆಯದಿರಲು ಅವನು ಕೈ ಚಾಚಿದರೆ? ಕೊಡುವವನು ಕೊಟ್ಟೇ ಕೊಡುತ್ತಾನೆ. ಆಗ ಟೊಳ್ಳು ಗೋಡೆಗೆ ಸರಕಾರಿ ಮುದ್ರೆಯೂ ಬಿದ್ದಂತಾಯಿತು. ಮುದ್ರೆ ಇಲ್ಲದ ತಕ್ಕಡಿಗಿಂತ ಸುಳ್ಳು ಮುದ್ರೆಯ ತಕ್ಕಡಿ ಕೆಟ್ಟದ್ದು ಎಂಬುದನ್ನು ಅಂಗಡಿಕಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಮತ್ತೊಂದು ತೊಡಕು, ನೋಡುವವರು ಯಾರು? ಗ್ರಾಮ ಪಂಚಾಯಿತಿಗೆ ತನ್ನದೇ ಇಂಜಿನಿಯರ್ ಇಲ್ಲ. ಬಿಲ್ ಕಲೆಕ್ಟರನಿಗೆ ಜಂತಿ ತಟ್ಟಿ ನೋಡು ಎಂದರೆ ಅವನೇನು ಮಾಡಿಯಾನು, ಪಾಪ. ತಾಲೂಕಿನ ಇಂಜಿನಿಯರರು ರಸ್ತೆ, ಗಟಾರ, ಶಾಲೆಯ ಕೋಣೆಗಳಲ್ಲೇ ಮುಳುಗಿರುತ್ತಾರೆ.

ಇಂಗ್ಲೆಂಡಿನಾಗೂ ಇದ ಹಾಡು

ಈ ಜಗ್ಗಾಟ ಕಟಕೋಳದ್ದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ 2007ರಲ್ಲಿ ಒಂದು ಕಾನೂನು ಜಾರಿಗೆ ಬಂತು. ಮನೆ ಮಾರುವವನು ಮೊದಲೇ ಎಲ್ಲ ಮಾಹಿತಿಯ ಒಂದು ಕಟ್ಟು ಸಿದ್ಧಮಾಡಿ ಇಡಬೇಕು. ಆ ಕಟ್ಟಿನಲ್ಲಿ ಮನೆಯ ಸ್ಥಿತಿಗತಿಯ ವರದಿಯೂ ಕಡ್ಡಾಯ ಎಂದು ಮೊದಲು ಇತ್ತು. ಕೂಗಾಟವಾಯಿತು. ಜಾರಿಗೆ ಬರುವ ಮೊದಲೇ, 2006ರಲ್ಲಿ ಆ ವರದಿಯನ್ನು ಐಚ್ಛಿಕ ಮಾಡಿದರು. ಉಳಿದದ್ದು ಬಹುಮಟ್ಟಿಗೆ ಕಾಗದಪತ್ರ. ಗೋಡೆ ಹೋಗಿ ಕಾಗದ ಉಳಿದ ಮೇಲೆ ಜನ ಇದರಿಂದ ಏನು ಬಂತು ಎಂದರು. 2010ರ ಮೇ ತಿಂಗಳಲ್ಲಿ ಹೊಸ ಸರಕಾರ ಇಡೀ ಕಟ್ಟನ್ನೇ ಕಟ್ಟಿ ಅಟ್ಟಕ್ಕೆ ಹಾಕಿತು.

ಪಕ್ಕದ ಸ್ಕಾಟ್ಲೆಂಡಿನವರು ಹಾಗೆ ಮಾಡಲಿಲ್ಲ. 2008ರ ಡಿಸೆಂಬರ್ 1ರಿಂದ ಅಲ್ಲಿ ಮನೆ ಮಾರಾಟಕ್ಕೆ ಇಡುವ ಮೊದಲು ಪರಿಣತ ಸರ್ವೇಯರನಿಂದ ಮನೆಯ ಸ್ಥಿತಿಯ ವರದಿ ಮಾಡಿಸಬೇಕು. ಖರ್ಚು ಮಾರುವವನದು. ಕೊಳ್ಳಬಂದವನು ಕೇಳಿದರೆ ತೋರಿಸಬೇಕು. ಅದು ಈಗಲೂ ನಡೆದಿದೆ. ಅಮೆರಿಕದ ಮಿನಿಯಾಪೊಲಿಸ್‌ನಂಥ ಕೆಲವು ನಗರಗಳಲ್ಲಿ ನಗರಾಡಳಿತವೇ ಇಂಥ ನಿಯಮ ಮಾಡಿಕೊಂಡಿದೆ. ದೂರದ ಬೆಟ್ಟ ನುಣ್ಣಗೆ ಎನ್ನಬಹುದು. ಅಲ್ಲಿ ಸರ್ವೇಯರರ ಸಂಘವಿದೆ, ತಪ್ಪು ಬರೆದರೆ ಕೋರ್ಟಿದೆ, ವಿಮೆಯಿದೆ. ರಾಮದುರ್ಗ ತಾಲೂಕಿಗೆ ಅದನ್ನು ಎತ್ತಿ ತಂದು ಕೂಡಿಸುವುದು ಆಗದ ಮಾತು.

ನಮ್ಮಲ್ಲಿ ಕಾನೂನೇ ಇಲ್ಲವೇ? ಇದೆ, ಅದೂ ಬಲು ಹಳೆಯದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ತನಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವನು ಕೊಳ್ಳುವವನಿಗೆ ಹೇಳಬೇಕು. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಗೊತ್ತಾಗದಂಥ ದೋಷವಾದರೆ ಮುಚ್ಚಿಡುವಂತಿಲ್ಲ. ಮುಚ್ಚಿಟ್ಟರೆ ಅದು ವಂಚನೆ ಎಂದು ಅದೇ ಕಲಮು ಹೇಳುತ್ತದೆ. ಹೇಳಿದರೇನು? 'ಅವನಿಗೆ ಗೊತ್ತಿತ್ತು' ಎಂದು ಸಾಬೀತು ಮಾಡುವವರು ಯಾರು? ಅದಕ್ಕೆ ರಾಮದುರ್ಗದ ಕೋರ್ಟಿಗೆ ಎಷ್ಟು ವರ್ಷ ಬಸ್ ಚಾರ್ಜು ಹಾಕಬೇಕು? 2016ರ ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಐದು ವರ್ಷ ಬಿಲ್ಡರನೇ ಹೊಣೆ ಎಂದಿದೆ. ಅದು ದೊಡ್ಡ ಬಡಾವಣೆ, ಅಪಾರ್ಟಮೆಂಟಿಗೆ. ಅಜ್ಜನ ಮಾಳಿಗೆ ಮನೆಗೆ ಅದು ತಾಕುವುದಿಲ್ಲ.

ಒಂದು ಸಾಲು ಸಾಕು

ಹಾಗಾದರೆ ಮಾಡುವುದೇನು? ಹೊಸ ತಪಾಸಣೆ ಬೇಡ, ಹೊಸ ಟೇಬಲ್ಲೂ ಬೇಡ. ಸರಕಾರಕ್ಕೆ ಈಗಾಗಲೇ ಗೊತ್ತಿರುವುದನ್ನಾದರೂ ಕೊಳ್ಳುವವನಿಗೆ ಹೇಳಲಿ. ಒಂದು ಮನೆ 2019ರಲ್ಲಿ 'ಬಿ' ಎಂದೋ 'ಸಿ' ಎಂದೋ ದಾಖಲಾಗಿದೆ. ಮಾಲೀಕ ಹಣ ತೆಗೆದುಕೊಂಡ, ತೇಪೆ ಹಾಕಿದ, ಬಣ್ಣ ಬಳಿದ, ಇಂದು ಮಾರಾಟಕ್ಕೆ ಇಟ್ಟ. ಹಾನಿಯ ಪಟ್ಟಿ ಒಂದು ಗಣಕಯಂತ್ರದಲ್ಲಿ, ನಮೂನೆ 9 ಇನ್ನೊಂದರಲ್ಲಿ. ಎರಡೂ ಸರಕಾರದವೇ, ಆದರೆ ಒಂದರ ಮುಖ ಇನ್ನೊಂದು ನೋಡಿಲ್ಲ. ನಮೂನೆ 9ರಲ್ಲಿ ಮನೆಯ ಫೋಟೋ ಇರುತ್ತದೆ, ಅದು ಬೀದಿ ಕಡೆಯಿಂದ ತೆಗೆದದ್ದು. ನೀರು ಹೊಕ್ಕದ್ದು ಹಿತ್ತಲ ಕಡೆಯಿಂದ.

ಆ ನಮೂನೆಯ ಕೆಳಗೆ ಒಂದು ಸಾಲು ಸೇರಿಸಲು ಎಷ್ಟು ಖರ್ಚು? 'ಈ ಕಟ್ಟಡ 2019ರ ನೆರೆಯಲ್ಲಿ ಸಿ ವರ್ಗದ ಹಾನಿ ಎಂದು ದಾಖಲಾಗಿದೆ.' ಅಷ್ಟೇ. ಕೊಳ್ಳುವವನು ಬೇಕಾದರೆ ಕೊಳ್ಳಲಿ, ಬೇಡವಾದರೆ ಬಿಡಲಿ, ಬೆಲೆ ಇಳಿಸಿ ಕೊಂಡು ಆ ರೊಕ್ಕದಲ್ಲಿ ಹೊಸ ಗೋಡೆ ಎಬ್ಬಿಸಲಿ. ಕಟ್ಟಡಕ್ಕೆ ಪಂಚಾಯಿತಿಯ ಪರವಾನಗಿ ಇತ್ತೋ ಇಲ್ಲವೋ ಎಂಬುದೂ ಅಲ್ಲೇ ಬರಲಿ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮನೆ ಕಟ್ಟಲು ಪರವಾನಗಿ ಬೇಕೆಂದಿದೆ, ಆ ದಫ್ತರ ಪಂಚಾಯಿತಿಯಲ್ಲೇ ಇರಬೇಕಾದದ್ದು.

ಇದರಿಂದ ಮಾರುವವನಿಗೆ ಅನ್ಯಾಯ ಎನ್ನುವವರಿದ್ದಾರೆ. ಗೋಡೆ ಪೂರ್ತಿ ಕೆಡವಿ ಹೊಸದು ಕಟ್ಟಿದವನಿಗೂ ಹಳೆಯ 'ಸಿ' ಗಂಟುಬಿದ್ದರೆ ಅದು ಅನ್ಯಾಯವೇ. ದುರಸ್ತಿಯ ಫೋಟೋ ಕೊಟ್ಟು ಸಾಲು ತಿದ್ದಿಸುವ ದಾರಿಯೂ ಇರಬೇಕು. 5 ಲಕ್ಷದ ಕಂತು ಕೊಡುವಾಗ ಪಾಯಾ, ಗೋಡೆ, ಮಾಳಿಗೆ ಎಂದು ಹಂತಹಂತಕ್ಕೆ ಫೋಟೋ ತೆಗೆಸಿದ ಸರಕಾರಕ್ಕೆ ಇದು ಕಷ್ಟವಾಗಬಾರದು.

ಇದು ಬೆಂಗಳೂರಿನಲ್ಲಿ ಆಗಬೇಕಾದ ತಿದ್ದುಪಡಿ, ಕಟಕೋಳದ ಸದಸ್ಯರ ಕೈಯಲ್ಲಿ ಇಲ್ಲ ಎನ್ನುವುದು ನಿಜ. ಆದರೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಬೋರು, ಗಟಾರ, ಬೀದಿದೀಪದ ನಡುವೆ ಈ ಮಾತನ್ನೂ ಒಬ್ಬರು ಎತ್ತಿ ಠರಾವು ಬರೆಸಿದರೆ ಮೇಲಕ್ಕೆ ಹೋಗಲು ಒಂದು ಕಾಗದವಾದರೂ ಆಗುತ್ತದೆ.

ಅಲ್ಲಿಯವರೆಗೆ ಮನೆ ಕೊಳ್ಳುವವರಿಗೆ ಎರಡು ದಾರಿ ತೆರೆದೇ ಇವೆ. ನಂಬಿಗಸ್ಥ ಗೌಂಡಿಯೊಬ್ಬನಿಗೆ ಅರ್ಧ ದಿನದ ಪಗಾರ ಕೊಟ್ಟು ಕರೆದುಕೊಂಡು ಹೋಗುವುದು ಒಂದು. ಬೇಸಿಗೆಯಲ್ಲಿ ಬೇಡ, ಒಂದು ದೊಡ್ಡ ಮಳೆಯಾದ ಮರುದಿನ ಹೋಗಬೇಕು. ಜಂತಿಯ ತುದಿ ಗೋಡೆಯೊಳಗೆ ಹೋಗುವ ಜಾಗ ತಟ್ಟಿಸಬೇಕು. ಓಣಿಯ ಮುದುಕಿಯರನ್ನು 'ಅವ್ವಾ, ಈ ಮನ್ಯಾಗ ಹಗೇವು ಎಲ್ಲಿತ್ತ?' ಎಂದು ಕೇಳಬೇಕು. ಅವರಿಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿಲ್ಲ. ಇನ್ನೊಂದು ದಾರಿ ಮಾಹಿತಿ ಹಕ್ಕಿನದು. 2019ರ ಹಾನಿಪಟ್ಟಿಯಲ್ಲಿ ಇಂಥ ನಂಬರಿನ ಮನೆ ಇತ್ತೇ, ಇದ್ದರೆ ಯಾವ ವರ್ಗ ಎಂದು ಅರ್ಜಿ ಬರೆದು ಕೇಳಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನದ ಗಡುವು. ಸಂಚಕಾರ ಕೊಡೂಕಿಂತ ಮೊದಲ ಹಾಕಿದರ ಚೊಲೋ.